ಸೂಪರ್‌ವೈಸರ್ ಹೊರಗೆ ಹೋದ ಮೇಲೆ

"ಮನೆಯ ಬಾಗಿಲಿಗೆ ಬೆರಳು ಸಿಕ್ಕಿದೆ, ಅಷ್ಟೇ," ಎಂದು ರೋಗಿಯ ಬದಲು ಅವರ ಸೂಪರ್‌ವೈಸರ್ ಇಂಗ್ಲಿಷಿನಲ್ಲಿ ಉತ್ತರಿಸಿದ. ಆದರೆ ಜಜ್ಜಿಹೋದ ಎರಡು ಬೆರಳುಗಳಿಗೆ ಗ್ರೀಸ್ ಮೆತ್ತಿಕೊಂಡಿತ್ತು. ರೋಗಿಯ ಹೆಸರು ಮಂಜುನಾಥ್, ಊರು ದಾವಣಗೆರೆ. ಆಸ್ಟ್ರೇಲಿಯಾದ ಬ್ಲ್ಯಾಕ್‌ಟೌನ್‌ನಲ್ಲಿ ವೈದ್ಯೆಯಾಗಿರುವ ನಾನು ಸೂಪರ್‌ವೈಸರ್‌ನನ್ನು ಹೊರಗೆ ಕೂರಿಸಿ, ಕನ್ನಡದಲ್ಲಿ ವಿಚಾರಿಸಿದೆ.

"ಕ್ರೇನಿನ ಲೋಡ್ ತಿರುಗಿ ಕೈ ಚೈನಿಗೆ ಸಿಕ್ತು ಮೇಡಂ. ಹೇಳಿದ್ರೆ ಕಂಪನಿಯವರು ವೀಸಾ ಸ್ಪಾನ್ಸರ್‌ಶಿಪ್ ತೆಗೀತಾರಂತೆ, ಊರಿಗೆ ವಾಪಸ್ ಹೋಗ್ಬೇಕಾಗುತ್ತೆ." ಅವರು ಬಾಗಿಲನ್ನೇ ನೋಡುತ್ತಿದ್ದರು.

"ಸುಳ್ಳು ಬರೆಸಿದ್ರೆ ನಾಳೆ ಬೆರಳು ಮಡಚೋಕಾಗದಿದ್ರೂ ಪರಿಹಾರ ಸಿಗೋದು ಕಷ್ಟ. ವೀಸಾದಲ್ಲಿ ಬಂದವರಿಗೂ ಆ ಹಕ್ಕಿದೆ," ಎಂದೆ.

ಅವರು ಬಾಗಿಲಿನಿಂದ ನನ್ನತ್ತ ತಿರುಗಿ, "ನಡೆದಿದ್ದನ್ನೇ ಬರೀರಿ," ಎಂದರು. ಹಾಗೆಯೇ ಬರೆದು ಅವರನ್ನು ಆಸ್ಪತ್ರೆಗೆ ಕಳಿಸಿದೆ. ಆಪರೇಷನ್ ಆಯಿತು, ಪರಿಹಾರದ ಕ್ಲೇಮ್ ಕೂಡ ಒಪ್ಪಿಗೆಯಾಯಿತು.

ಈಗ ಗಾಯಗೊಂಡ ಕೆಲಸಗಾರರನ್ನು ಒಬ್ಬರೇ ಇರುವಾಗಲೇ ಮಾತನಾಡಿಸುತ್ತೇನೆ. ಮೊದಲು ಹಾಗೆ ಕೇಳದೆ ಕಳಿಸಿಬಿಟ್ಟವರು ನೆನಪಾದರೆ ಮನಸ್ಸು ಒಂದೆಡೆ ನಿಲ್ಲುವುದಿಲ್ಲ.