ಸಿಂತಸೈಜರ್ ಮೇಷ್ಟ್ರು
ಸಿಂತಸೈಜರ್ ಮೇಷ್ಟ್ರ ಮನೆಗೆ ಹೋದವರಿಗೆ ಕೂರಲು ಜಾಗವಿರುವುದಿಲ್ಲ. ಕುರ್ಚಿಗಳ ಮೇಲೆಲ್ಲ ಮೇಷ್ಟ್ರಷ್ಟೇ ವಯಸ್ಸಾದ ಸಿಂತಸೈಜರ್‌ಗಳು ಮಲಗಿರುತ್ತವೆ. "ಮಾತಾಡ್ಬೇಡಿ, ಇನ್ನೂ ಬಿಸಿಯಾಗ್ತಿವೆ," ಎಂದು ಬಂದವರನ್ನೇ ಗದರುತ್ತಾರೆ. ಬಿಸಿಯೇರಿದರಷ್ಟೇ ಸರಿಯಾಗಿ ನುಡಿಯುವ ಆ ಹಳೆಯ ವಿದ್ಯುತ್ ವಾದ್ಯಗಳ ಶ್ರುತಿ ಗಂಟೆಗೊಮ್ಮೆ ಜಾರುತ್ತದೆ. ಅದನ್ನು ಸರಿಮಾಡುವವಳು ಅವರ ತಂಗಿ. ಮೇಷ್ಟ್ರ ಕಿವಿ ಮಂದವಾಗಿ ಆರು ವರ್ಷವಾಗಿದ್ದು ಅವಳೊಬ್ಬಳಿಗೇ ಗೊತ್ತು. ಆದರೂ ತಮ್ಮ ಹೊಸ ಆಲ್ಬಮ್ ಹೊರಬಂದಾಗ ಮೇಷ್ಟ್ರು ಕವರಿನ ಮೇಲೆ "ಎಲ್ಲವೂ ನನ್ನೊಬ್ಬನ ಕೆಲಸ" ಎಂದು ಅಚ್ಚು ಹಾಕಿಸಿದರು. ಅಭಿನಂದಿಸಲು ಬಂದವರೊಬ್ಬರು, "ಶ್ರುತಿ ಕೂದಲೆಳೆಯಷ್ಟೂ ಅಲುಗಿಲ್ಲ, ಏನ್ ಕಿವಿ ಸಾರ್ ನಿಮ್ದು!" ಎಂದು ಹೊಗಳಿ, ತಂಗಿಯತ್ತ ತಿರುಗಿ, "ನಿಮಗೂ ಸಂಗೀತ ಬರುತ್ತಾಮ್ಮ?" ಎಂದರು. "ಅಯ್ಯೋ ಇಲ್ಲಪ್ಪ, ನಾನು ಧೂಳು ಒರೆಸೋಳು," ಎಂದು ಅವಳು ನಕ್ಕಳು. ಮೇಷ್ಟ್ರ ತಲೆ ಮೇಲೇಳಲಿಲ್ಲ. ಬಂದವರು ಹೊರಟಮೇಲೆ, "ತಪ್ಪಾಯ್ತು ಕಣೇ," ಎಂದರು. ಅವಳು ಗಾಬರಿಯಾಗಿ ಕೇಳಿದಳು: "ಯಾವ ಹಾಡಲ್ಲಿ, ಅಣ್ಣ?"