ರೆಸಾರ್ಟಿನವರ ವೀಳ್ಯ

ಆ ರೆಸಾರ್ಟಿನವರ ಸುದ್ದಿ ಸಿದ್ದಲಿಂಗಮ್ಮನ ಕಿವಿಗೆ ಮೊದಲು ಬಿದ್ದ ದಿನ ಅವಳು ಏಣಿ ಹಿಡಿದುಕೊಂಡು ನಿಂತಿದ್ದಳು. ಗಂಡ ಮಂಟಯ್ಯ ಮನೆಯ ಮೇಲೆ ಕೂತು ಶೀಟಿನ ತೂತುಗಳಿಗೆ ಡಾಂಬರು ಮೆತ್ತುತ್ತಿದ್ದ. ವರ್ಷಕ್ಕೊಮ್ಮೆ ಅದೊಂದು ಕೆಲಸ. ಮೆತ್ತಿದ ಕಡೆ ಬಿಟ್ಟು ಇನ್ನೊಂದು ಕಡೆ ಸೋರೋದು ಶೀಟಿನ ಧರ್ಮ. ಜೇಬಿನಲ್ಲಿದ್ದ ಫೋನು ಬಡಕೊಂಡಿತು. ಕೈಯೆಲ್ಲ ಡಾಂಬರು, ಎರಡು ಬೆರಳಿನಲ್ಲಿ ಎತ್ತಿಕೊಂಡು ಕಿವಿಗಿಟ್ಟ. "ಹೂಂ... ಹೂಂ... ದಂಪತಿಗಳೇ ಕಣವ್ವ... ಒಬ್ಬಳೇ ಹೆಂಡ್ತಿ" ಅಂದ. ಕೆಳಗಿಳಿದವನ ಮುಖ ಹಬ್ಬದ ಮುಖ ಆಗಿತ್ತು.

"ಸಿದ್ದೀ, ನಮಗೆ ಬಂದ್ಬುಡ್ತು ಕಣ. ವಾಟರ್ ಪಾರ್ಕ್ ಇರೋ ರೆಸಾರ್ಟಂತೆ. ಗಂಡ ಹೆಂಡ್ತಿ ಇಬ್ಬರಿಗೂ ಎರಡು ದಿವ್ಸ ಬಿಟ್ಟಿ."

ದಸರಾ ವಸ್ತುಪ್ರದರ್ಶನದಲ್ಲಿ ಒಂದು ಹುಡುಗಿ ಚೀಟಿ ಕೊಟ್ಟು ಬರೆಯಿರಿ ಅಂದಿದ್ದಳು. ಬರೆದರೆ ಪೆನ್ನು ನಿಮಗೇ ಅಂದಳು ಅಂತ ಮಂಟಯ್ಯ ಬರೆದಿದ್ದ. ಆ ಚೀಟಿ ಈಗ ಹಣ್ಣಾಗಿತ್ತು.

ಪಕ್ಕದ ಮನೆ ಮಂಜುಳಮ್ಮ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದವಳು ತಲೆ ಎತ್ತದೆ ಅಂದಳು: "ಬಿಟ್ಟಿ ಸಿಕ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ. ಹೋಗ್ಬನ್ನಿ ಮಂಟಯ್ಯಣ್ಣ. ಊರಿಗೆಲ್ಲ ನೀರು ಬಿಟ್ರಿ, ನಿಮಗೂ ಯಾರಾದ್ರೂ ಬಿಡ್ಲಿ."

ಮಂಟಯ್ಯ ಅಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೀರು ಬಿಡೋ ಮಂಟಯ್ಯ ಅಂದರೆ ರಾಮಕೃಷ್ಣನಗರದಿಂದ ದಟ್ಟಗಳ್ಳಿವರೆಗೆ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಆಳುದ್ದದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೀದಿಬೀದಿ ಸುತ್ತಿ ವಾಲ್ವು ತಿರುಗಿಸಿ ಮೂವತ್ತೊಂದು ವರ್ಷ ನೀರು ಬಿಟ್ಟವನು. ಐದೂವರೆಗೆ ಅಂದರೆ ಐದೂವರೆಗೆ ನಲ್ಲಿ ಬುಸುಗುಟ್ಟಬೇಕು. ಒಮ್ಮೆ ನೂರಾಮೂರು ಡಿಗ್ರಿ ಜ್ವರ. ಬಯ್ಯುತ್ತಾ ಸಿದ್ದಲಿಂಗಮ್ಮನೇ ಸೈಕಲ್ಲು ತಳ್ಳಿಕೊಂಡು ಹಿಂದೆ ಹೋದಳು. "ಮಾತು ಕೊಟ್ಟಿವ್ನಿ, ಜನ ಬಿಂದಿಗೆ ಇಟ್ಕೊಂಡು ಕೂತಿರ್ತಾರೆ" ಅಂತ ಅವನ ವಾದ. ತೊಟ್ಟಿಕ್ಕುವ ನಲ್ಲಿ ಕಂಡರೆ ಪರರ ಮನೆಯದಾದರೂ ಒಳಗೆ ಹೋಗಿ ತಿರುಗಿಸಿ ಬರುತ್ತಿದ್ದ. ಹಂಗೆ ಜೀವನದಲ್ಲೂ ಬಿಗಿ. ಒಂದು ಸ್ಟೇಜು ನಡೆದರೆ ಬಸ್ಸಿಗೆ ಐದು ರೂಪಾಯಿ ಉಳಿಯುತ್ತೆ ಅಂತ ನಡೆಸುವವನು. ಹೆಂಡತಿಯನ್ನು ಚಾಮುಂಡಿ ಬೆಟ್ಟಕ್ಕೆ ಬಿಟ್ಟು ಇನ್ನೆಲ್ಲಿಗೂ ಕರಕೊಂಡು ಹೋದವನಲ್ಲ, ಅದೂ ಮೆಟ್ಟಿಲು ಹತ್ತಿಸಿ. ಕೇಳಿದಾಗೆಲ್ಲ "ಬರೋ ವರ್ಸ" ಅನ್ನೋನು.

ಹೀಗೆ ಬಿಗಿ ಹಿಡಿದದ್ದು ಸುಮ್ಮನೆ ಹೋಗಲಿಲ್ಲ. ಮಗಳ ಮದುವೆ ಮುಗಿದು, ರಿಟೈರಾದ ಮೇಲೆ ಬಂದ ದುಡ್ಡಿನಲ್ಲಿ ಎರಡು ಲಕ್ಷ ಉಳಿದಿತ್ತು. ಅದು ಮನೆಗೆ ತಾರಸಿ ಹಾಕಿಸೋಕೆ. ಮೇಸ್ತ್ರಿ ಸಣ್ಣಯ್ಯ ಬಂದು ಗೋಡೆ ತಟ್ಟಿ ನೋಡಿ, ಉಗಾದಿ ಕಳೆದ ಮೇಲೆ ಶುರು ಮಾಡೋವ ಅಂದಿದ್ದ. ಬೇಸಿಗೆಯಲ್ಲಿ ಶೀಟಿನ ಕೆಳಗೆ ಬೆಂದು, ಮಳೆಗಾಲದಲ್ಲಿ ಪಾತ್ರೆ ಇಟ್ಟು ಸಿದ್ದಲಿಂಗಮ್ಮನಿಗೆ ಸಾಕಾಗಿತ್ತು. ಸಾಯೋ ಮುಂಚೆ ಒಂದು ಮಳೆಗಾಲ ಕಾಲು ಚಾಚಿ ಮಲಗಬೇಕು ಅನ್ನೋದು ಬಿಟ್ಟರೆ ಅವಳಿಗೆ ಬೇರೆ ಆಸೆ ಇರಲಿಲ್ಲ.

ರೆಸಾರ್ಟಿಗೆ ಹೊರಡುವಾಗ ಮಂಟಯ್ಯ ದಂಡಿಗೆ ಹೊರಟಂತೆ ಹೊರಟ. ಭಾನುವಾರ ಬೇಡ, ಮಂಗಳವಾರ ಅಂದ, ಬಸ್ಸು ಖಾಲಿ ಇರುತ್ತೆ. ಅಲ್ಲಿ ಒಂದು ಇಡ್ಲಿಗೆ ಅರವತ್ತು ರೂಪಾಯಂತೆ, ಅದಕ್ಕೇ ಹತ್ತು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಡಬ್ಬಿ ತುಂಬ ಮೊಸರನ್ನ. ನೀರಿಗಿಳಿಯಲು ಅವರದೇ ಬಟ್ಟೆ ಬಾಡಿಗೆಗೆ ತಗೋಬೇಕಂತೆ, ಬ್ಯಾಡ, ಕಾಲು ಮಾತ್ರ ನೆನೆಸೋವ. ಫೋನಿನ ಹುಡುಗಿ ಆಧಾರ್ ಕಾರ್ಡು, ಎಟಿಎಂ ಕಾರ್ಡು ಎರಡೂ ತನ್ನಿ ಅಂದಿದ್ದಳು, ಗುರುತಿಗೆ. ಎರಡನ್ನೂ ರುಮಾಲಿನಲ್ಲಿ ಸುತ್ತಿ ಒಳಜೇಬಿಗಿಟ್ಟ.

ಗೇಟಿನವನು ಚೀಲ ಬಿಚ್ಚಿಸಿದ. "ಹೊರಗಿನ ಊಟ ಒಳಗೆ ಬಿಡಲ್ಲ ಯಜಮಾನ್ರೇ. ಇಲ್ಲಿಟ್ಟು ಹೋಗಿ."

"ಇಟ್ಟೋದ್ರೆ ನಾಳೆ ಬರೋಹೊತ್ಗೆ ಹಳಸೋಯ್ತದಲ್ಲಪ್ಪ."

"ನಾನೇನ್ ಮಾಡ್ಲಿ. ರೂಲ್ಸು."

ಎಸೆಯುವುದು ಮಂಟಯ್ಯನ ಜಾತಕದಲ್ಲಿಲ್ಲ. ಗೇಟಿನ ಪಕ್ಕದ ಕಟ್ಟೆ ಮೇಲೆ ಇಬ್ಬರೂ ಕೂತರು. ಬೆಳಿಗ್ಗೆ ಹತ್ತೂವರೆ. ಹತ್ತು ರೊಟ್ಟಿಯಲ್ಲಿ ಎರಡು ಗೇಟಿನವನಿಗೆ ಕೊಟ್ಟು ಎಂಟನ್ನೂ, ಮೊಸರನ್ನವನ್ನೂ ತಿಂದು ಮುಗಿಸಿದರು. ಕಡೆ ತುತ್ತಿಗೆ ಸಿದ್ದಲಿಂಗಮ್ಮನಿಗೆ ಕಣ್ಣಲ್ಲಿ ನೀರು. "ಸೇರಿಸ್ಕೋ, ಸೇರಿಸ್ಕೋ" ಅಂತ ಗಂಡ ಬೆನ್ನು ತಟ್ಟಿದ. ಆ ಹೊಟ್ಟೆ ಹೊತ್ತುಕೊಂಡೇ ಒಳಗೆ ಹೋದದ್ದು.

ರೂಮಿನ ಕೀಲಿ ಆಮೇಲೆ, ಮೊದಲು ಒಂದು ಚಿಕ್ಕ ಮೀಟಿಂಗು ಅಂದರು. ತಣ್ಣಗಿನ ದೊಡ್ಡ ಹಾಲು. ಕಿಟಕಿಗೆಲ್ಲ ಪರದೆ. ಮೇಜಿಗೊಂದು ಜೋಡಿ, ಜೋಡಿಗೊಬ್ಬರು ಮಾತಾಡುವವರು. ಇವರಿಗೆ ಸಿಕ್ಕವಳು ಚೈತನ್ಯ ಅಂತ, ಮಗಳ ವಯಸ್ಸಿನ ಹುಡುಗಿ. ಬಂದವಳೇ ಇಬ್ಬರ ಕಾಲಿಗೂ ಬಿದ್ದು "ಅಪ್ಪಾಜಿ, ಅಮ್ಮ" ಅಂದಳು. ಒಂದೂ ಮುಕ್ಕಾಲು ಲಕ್ಷ ಕಟ್ಟಿ ಮೆಂಬರಾದರೆ ಇಪ್ಪತ್ತೈದು ವರ್ಷ, ವರ್ಷಕ್ಕೊಂದು ವಾರ, ಗಂಡ ಹೆಂಡತಿ ಇಬ್ಬರೂ ಬಿಟ್ಟಿಯಾಗಿ ಇದ್ದು ಹೋಗಬಹುದು. ಹೊರಗಿನವರು ಕೊಡುವ ಬಾಡಿಗೆ ಲೆಕ್ಕ ಹಾಕಿದರೆ ನಿಮಗೆ ಎಷ್ಟು ಉಳಿತಾಯ ನೋಡಿ ಅಪ್ಪಾಜಿ, ಅಂತ ಕಾಗದದ ಮೇಲೆ ಗೀಚಿದಳು. ಆ ಕಾಗದದ ಪ್ರಕಾರ ಮಂಟಯ್ಯ ಆರು ಲಕ್ಷ ಉಳಿಸುವವನಿದ್ದ.

"ನಮಗೆ ಬ್ಯಾಡ ಕಣವ್ವ. ಮನೆಗೆ ತಾರಸಿ ಹಾಕಿಸ್ಬೇಕು" ಅಂದ.

"ಪರ್ವಾಗಿಲ್ಲ ಅಪ್ಪಾಜಿ" ಅಂದಳು, ಮತ್ತೆ ಮೊದಲಿಂದ ಶುರು ಮಾಡಿದಳು.

ಗಂಟೆ ಹನ್ನೆರಡಾಯಿತು, ಒಂದಾಯಿತು. ಬೇರೆ ಮೇಜಿನಲ್ಲಿ ಯಾರಾದರೂ ಸೈನು ಹಾಕಿದರೆ ಬಲೂನು ಒಡೆದು ಎಲ್ಲರೂ ಚಪ್ಪಾಳೆ ಹೊಡೆಯೋರು. ಸೈನು ಹಾಕದವರು ತಪ್ಪು ಮಾಡಿದವರಂತೆ ತಲೆ ಬಗ್ಗಿಸಿ ಕೂತಿದ್ದರು. ಸಿದ್ದಲಿಂಗಮ್ಮ ಬಚ್ಚಲಿಗೆ ಹೋಗಬೇಕು ಅಂತ ಎದ್ದರೆ ಹುಡುಗಿ ಜೊತೆಗೇ ಬಂದು, ಬಾಗಿಲ ಹತ್ತಿರ ನಿಂತಿದ್ದು, ತೋಳು ಹಿಡಿದು ವಾಪಸ್ಸು ಕರಕೊಂಡು ಬಂದಳು. ಎರಡಕ್ಕೆ ಮ್ಯಾನೇಜರು ಸ್ವರೂಪ್ ಅನ್ನುವವನು ಬಂದು ಕುರ್ಚಿ ಎಳೆದುಕೊಂಡು, ಇವತ್ತು ಒಂದು ದಿನ ಮಾತ್ರ ಈ ರೇಟು ಅಂದ. ಮಂಟಯ್ಯ ಮೂರನೇ ಸಲ "ಇಲ್ಲ ಕಣಪ್ಪ" ಅಂದ. ಅವರು ಹೋಗಿ ಅನ್ನಲಿಲ್ಲ. ಇವರಿಗೆ ತಾವಾಗಿ ಎದ್ದು ಹೋಗಬಹುದು ಅನ್ನುವುದು ಹೊಳೆಯಲಿಲ್ಲ. ಒಬ್ಬರ ಮನೆಗೆ ಹೋದ ಮೇಲೆ ಅವರು ಕಳಿಸಿಕೊಡದೆ ಏಳೋದು ಎಂಗೆ?

ನಾಲ್ಕರ ಹೊತ್ತಿಗೆ ಚೈತನ್ಯ ಒಳಗೆ ಹೋಗಿ ಒಂದು ತಟ್ಟೆ ತಂದಳು. ಎಲೆ ಅಡಿಕೆ, ತೆಂಗಿನಕಾಯಿ, ಹಸಿರು ರವಿಕೆ ಕಣ, ಅರಿಸಿನ ಕುಂಕುಮ. "ಅಮ್ಮ, ನಮ್ಮಲ್ಲಿಗೆ ಬಂದ ಮುತ್ತೈದೇರನ್ನ ಬರಿಗೈಲಿ ಕಳ್ಸಲ್ಲ."

ಕಳ್ಸೋ ಮಾತು ಬಂದದ್ದು ಕೇಳಿ ಸಿದ್ದಲಿಂಗಮ್ಮನಿಗೆ ಹೋದ ಜೀವ ಬಂತು. ಅರಿಸಿನ ಕುಂಕುಮ ಕೊಟ್ಟರೆ ಇನ್ನೇನು, ಹೊರಡಿ ಅಂದ ಹಾಗೆ. ಬೇಗ ಎದ್ದು ಸೆರಗೊಡ್ಡಿ ಇಸ್ಕೊಂಡಳು. ಬಾಗಿಲ ಕಡೆ ಎರಡು ಹೆಜ್ಜೆಯನ್ನೂ ಇಟ್ಟಳು.

ತಿರುಗಿ ನೋಡಿದರೆ ಮಂಟಯ್ಯ ಎದ್ದಿರಲಿಲ್ಲ. ಅವನ ಮುಖ ಕಪ್ಪಿಟ್ಟಿತ್ತು.

"ಇಸ್ಕೊಂಡ್ಬುಟ್ಟಾ?"

"ಕಳಿಸಿಕೊಡೋ ಕುಂಕುಮ ಕಣ್ರೀ. ಏಳಿ, ಹೋಗೋವ."

"ಎಲೆ, ಕಾಯಿ, ಕಣ ಮೂರೂ ಒಂದು ತಟ್ಟೇಲಿ ಬಂದ್ರೆ ಅದು ಕುಂಕುಮ ಅಲ್ಲ ಸಿದ್ದೀ. ವೀಳ್ಯ. ಮಾತು ಕೇಳ್ತಾ ಇರೋರ ಕೈಯಿಂದ ವೀಳ್ಯ ಇಸ್ಕೊಂಡ್ಮೇಲೆ ಮಾತು ಕೊಟ್ಟಂಗೇ ಆಗೋಯ್ತು."

ಆ ಹುಡುಗಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದವಳಂತೆ ಸುಮ್ಮನೆ ಪೆನ್ನು ಮುಂದಿಟ್ಟಳು.

ಸಿದ್ದಲಿಂಗಮ್ಮನಿಗೆ ವೀಳ್ಯ ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹದಿನೇಳರ ಹುಡುಗಿಯಾಗಿದ್ದಾಗ ನಂಜನಗೂಡಿನ ಕಡೆಯ ಅವಳ ಹಟ್ಟಿಗೆ ಮಂಟಯ್ಯನ ಕಡೆಯವರು ಬಂದು ಅವಳಪ್ಪನ ಕೈಗೆ ವೀಳ್ಯ ಕೊಟ್ಟು ಹೋಗಿದ್ದರು. ವಾರ ಕಳೆದು ಸೋದರಮಾವ ಬಂದು, ನನ್ನ ಮಗನಿಗೆ ಕೊಡು, ಜೊತೇಲಿ ಆಡಿ ಬೆಳೆದವು ಅಂತ ಕೇಳಿದ. ಅಪ್ಪ ಕಂಬಕ್ಕೊರಗಿ ಕೂತು ಅತ್ತ. ಆದರೂ "ವೀಳ್ಯ ಇಸ್ಕೊಂಡಾಗದೆ ಕಣಪ್ಪ" ಅಂದ. ಒಳಗೆ ರಾಗಿ ಬೀಸುತ್ತಿದ್ದ ಹುಡುಗಿಯನ್ನು ಯಾರೂ ಕೇಳಲಿಲ್ಲ. ಅವಳೂ ಬೀಸೋಕಲ್ಲಿನ ಗೂಟ ಬಿಡದೆ ಬೀಸಿದಳು.

ಈಗ ಅದೇ ವೀಳ್ಯ ಅವಳ ಸೆರಗಿನಲ್ಲೇ ಇತ್ತು. ಮಂಟಯ್ಯ ಸೈನು ಹಾಕಿದ. ಕಾರ್ಡು ಉಜ್ಜಿದರು, ಉಳಿದದ್ದಕ್ಕೆ ಆ ವಾರದಲ್ಲೇ ಮನೆಗೇ ಬಂದು ಚೆಕ್ಕು ಬರೆಸಿಕೊಂಡು ಹೋದರು. ಬಲೂನು ಒಡೆಯಿತು. ಎಲ್ಲರೂ ಇವರ ಕಡೆ ತಿರುಗಿ ಚಪ್ಪಾಳೆ ಹೊಡೆದರು.

ರೂಮು ಕೊಟ್ಟರು. ಕಿಟಕಿ ತೆಗೆಯೋಕೆ ಬರದ ರೂಮು. ಎಸಿ ಆರಿಸುವುದು ಎಲ್ಲಿ ಅಂತ ತಿಳಿಯದೆ ಇಬ್ಬರೂ ಹೊದಿಕೆ ಸುತ್ತಿಕೊಂಡು ಮಂಚದ ಎರಡು ತುದಿಯಲ್ಲಿ ಕೂತರು. ಗಾಜಿನಾಚೆ ಸಿಮೆಂಟಿನ ಬಂಡೆಯಿಂದ ಜಲಪಾತ ಬೀಳುತ್ತಿತ್ತು, ನೋಡುವವರು ಒಬ್ಬರೂ ಇಲ್ಲ. ಮಂಟಯ್ಯ ಅಂದ: "ಅದಕ್ಕೆ ವಾಲ್ವು ಎಲ್ಲಿಟ್ಟವ್ರೆ ಅಂತ."

ಆಮೇಲಿನದು ಶೀಟಿನ ಕೆಳಗಿನ ಕತೆ. ಸಣ್ಣಯ್ಯ ಉಗಾದಿಯಾದ ಮೇಲೆ ಬಂದು ಕಾಫಿ ಕುಡಿದು ಹೋದ. ಬಿಟ್ಟಿ ವಾರ ಅಂದದ್ದು ಎಂದೂ ಬಿಟ್ಟಿಯಾಗಲಿಲ್ಲ. ವರ್ಷಾವರ್ಷ ನಿರ್ವಹಣೆ ಅಂತ ಎಂಟು ಸಾವಿರ ಕಟ್ಟಬೇಕು, ಕಟ್ಟಿದರೂ ಫೋನು ಮಾಡಿದರೆ ದಸರಾಗೆ ಫುಲ್ಲು, ಬೇಸಿಗೆಗೆ ಫುಲ್ಲು. ಗಂಡ ಹೆಂಡತಿ ಇಬ್ಬರೂ ಬಂದರೇ ರೂಮು. ಒಬ್ಬರು ಸತ್ತರೆ ಇನ್ನೊಬ್ಬರು ಕಟ್ಟಬೇಕು, ಇಪ್ಪತ್ತೈದು ವರ್ಷ ತುಂಬುವ ತನಕ. ಇದನ್ನು ಮಗಳು ಕಾಗದ ಓದಿ ಹೇಳಿದಾಗಲೇ ಇಬ್ಬರಿಗೂ ಗೊತ್ತಾದದ್ದು.

"ಆ ಕಣ, ಕಾಯಿ ವಾಪಸ್ ಕೊಟ್ಟು ಬ್ಯಾಡ ಅಂತ ಹೇಳ್ಬುಡೋವ ನಡೀರಿ" ಅಂತ ಸಿದ್ದಲಿಂಗಮ್ಮ ಎಷ್ಟು ಸಲ ಅಂದಳೋ.

"ವೀಳ್ಯ ಹಿಂದಕ್ಕೆ ಕೊಟ್ಟ ಮನೆ ಮನೆಯಾ?" ಅನ್ನೋನು. ಹೇಳಿದ ತಾರೀಕಿಗೆ ಸರಿಯಾಗಿ, ನೀರು ಬಿಟ್ಟ ಹಾಗೆ, ದುಡ್ಡು ಕಟ್ಟಿ ಬರೋನು. ಕಣವನ್ನು ಅವಳು ಹೊಲಿಸಿಕೊಳ್ಳಲಿಲ್ಲ, ಕಾಯಿ ಒಡೆಯಲಿಲ್ಲ. ಟ್ರಂಕಿನಲ್ಲಿ ಕಾಯಿ ಒಣಗಿ ಅಲುಗಿಸಿದರೆ ಲೊಟಲೊಟ ಅನ್ನುತ್ತಿತ್ತು.

ಐದಾರು ವರ್ಷದಲ್ಲಿ ಒಂದೇ ಒಂದು ಸಲ ಕರೆದರು, ಆಷಾಢದಲ್ಲಿ, ಬರುವವರು ಯಾರೂ ಇಲ್ಲದಾಗ. ಜಾರುಬಂಡೆಗಳೆಲ್ಲ ರಿಪೇರಿಗೆ ನಿಂತಿದ್ದವು. ಅಲೆ ಬರುವ ಕೊಳ ಒಂದು ಗಂಟೆ ಬಿಟ್ಟರು. ಬಾಡಿಗೆ ಬಟ್ಟೆ ತಗೊಳ್ಳದೆ ಇಬ್ಬರೂ ಅಂಚಿನಲ್ಲಿ ಕಾಲು ನೆನೆಸಿ ನಿಂತರು. ಸೈರನ್ನು ಕೂಗಿತು, ಅಲೆ ಬಂತು, ಸಿದ್ದಲಿಂಗಮ್ಮ ಜಾರಿದಳು. ಮಂಟಯ್ಯ ಗಬಕ್ಕನೆ ಅವಳ ಕೈ ಹಿಡಿದ. ಸೊಂಟದ ತನಕ ನೆಂದು, ಕೈ ಬಿಡದೆ, ಬೊಚ್ಚು ಬಾಯಿ ತೆಗೆದು ನಕ್ಕ. ನಾಲ್ಕು ಜನರ ಎದುರಿಗೆ ಅವನು ಅವಳ ಕೈ ಹಿಡಿದದ್ದು ಮದುವೆಯಲ್ಲಿ ಬಿಟ್ಟರೆ ಅವತ್ತೇ. ಅವಳಿಗೆ ಸಂತೋಷವಾಯಿತು. ಇದಕ್ಕೆ ತಾರಸಿ ಹೋಯಿತಲ್ಲ ಅಂತಲೂ ಅನ್ನಿಸಿತು. ಎರಡೂ ಒಂದೇ ಸಲ.

ಆ ವರ್ಷವೇ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ ಅಂತಾಯಿತು. ಮಂಟಯ್ಯನ ಸಡಗರ ನೋಡಬೇಕಿತ್ತು. ದೇವರಾಜ ಮಾರ್ಕೆಟ್ಟಿನಿಂದ ನಾಲ್ಕು ನಿಂಬೆಹಣ್ಣು ಬೇಕಾದರೂ "ನೀನೇ ಹೋಗ್ಬಾ, ನಿಂಗೆ ಫ್ರೀ" ಅಂತ ಅವಳನ್ನೇ ಅಟ್ಟುತ್ತಿದ್ದ.

ಮುಂದಿನ ಚಳಿಗಾಲಕ್ಕೆ ಅವನಿಗೆ ಉಸಿರು ಸಾಲದೆ ಬಂತು. ಹೃದಯ ಊದಿದೆ ಅಂದರು. ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಏಪ್ರಿಲ್ಲು, ಮಧ್ಯಾಹ್ನದ ಹೊತ್ತು, ಶೀಟು ಹೆಂಚಿನಂತೆ ಕಾದಿತ್ತು. ಸಿದ್ದಲಿಂಗಮ್ಮ ಒದ್ದೆ ಟವಲ್ಲು ಹಿಂಡಿ ಅವನ ಎದೆ ಮೇಲೆ ಹಾಕುತ್ತಾ ಕೂತಿದ್ದಳು. ಅವನು ಶೀಟನ್ನೇ ನೋಡುತ್ತಿದ್ದ, ಒಂದೊಂದು ಡಾಂಬರಿನ ಮಚ್ಚೆಯನ್ನೂ.

"ಸಿದ್ದೀ, ಆ ಕಣ ಅದಾ?"

"ಅದೆ. ಟ್ರಂಕಲ್ಲದೆ."

"ಹೊಲಿಸ್ಕೊಳ್ಳಿಲ್ವಲ್ಲ."

"ಹೊಲಿಸ್ಕೊಂಡು ಯಾವೂರಿಗೋಗ್ಲಿ."

ಅವನಿಗೆ ನಗು ಬಂತು, ನಗು ಕೆಮ್ಮಾಯಿತು. ಕೆಮ್ಮು ಇಳಿದ ಮೇಲೆ ಕಣ್ಣು ಮುಚ್ಚಿದ. ನಿದ್ದೆ ಬಂತೇನೋ ಅಂತ ಅವಳು ಏಳಹೋದಳು.

"ನಿಮ್ಮಪ್ಪ ಅವತ್ತು ವೀಳ್ಯ ಹಿಂದಕ್ಕೆ ಕೊಟ್ಬುಟ್ಟಿದ್ರೆ ನೀನು ನಿಮ್ಮಾವನ ಮನೆ ಸೇರ್ತಿದ್ದೆ."

ಸಿದ್ದಲಿಂಗಮ್ಮನ ಕೈಯಲ್ಲಿ ಟವಲ್ಲು ಹಾಗೇ ನಿಂತಿತು. ನಲವತ್ತಾರು ವರ್ಷ ಇವನಿಗೆ ಅದು ಗೊತ್ತಿಲ್ಲ ಅಂತಲೇ ಅವಳು ತಿಳಿದಿದ್ದಳು.

"ಅದ್ಯಾಕೀಗ" ಅಂದಳು.

"ಇಪ್ಪತ್ತೈದು ವರ್ಸ ತುಂಬಾಕೆ ಇನ್ನೂ ಹತ್ತೊಂಬತ್ತದೆ. ನಾನೋದ್ರೆ ನಿನ್ನ ಹೆಸರಿಗೆ ಬತ್ತದೆ." ಉಸಿರು ಎಳೆದುಕೊಂಡ. "ನಾನು ಇರೋಗಂಟ ಮಾತು ಮುರಿಯಾಕಾಗಲ್ಲ. ನಂದು ಅಂಗೇ ಹೋಗ್ಲಿ. ಇಸ್ಕೊಂಡವಳು ನೀನು. ನನ್ನ ತಿಥಿ ಕೆಲಸ ಎಲ್ಲ ಮುಗಿಸಿ, ಆ ಕಣ, ಕಾಯಿ ತಗೊಂಡೋಗಿ ಅವರ ತಟ್ಟೆಗೇ ಇಟ್ಟು, ಒಲ್ಲೆ ಅಂದು ಬಂದ್ಬುಡು. ಅವರು ಕಳಿಸಿಕೊಡ್ಲಿ ಅಂತ ಕೂತ್ಕೋಬ್ಯಾಡ, ನೀನೇ ಎದ್ದು ಬಾ."

ಅವಳು ಟವಲ್ಲನ್ನು ಬಕೆಟ್ಟಿಗೆ ಅದ್ದಿದಳು. ನಲ್ಲಿ ಸರಿಯಾಗಿ ನಿಲ್ಲಿಸಿರಲಿಲ್ಲ, ಹನಿ ಬೀಳುತ್ತಿತ್ತು. ಅವನ ಕಣ್ಣು ಆ ಕಡೆ ಹೋದದ್ದು ಕಂಡು, ಎದ್ದು ಹೋಗಿ ತಿರುಗಿಸಿ ಬಂದಳು.

"ಆಟೋಗೀಟೋ ಮಾಡ್ಬ್ಯಾಡ" ಅಂದ. "ಬಸ್ಸಲ್ಲೋಗು. ನಿಂಗೆ ಫ್ರೀ ಅಲ್ವಾ."