ಕೊಡೆಯ ಕಡ್ಡಿಗೆ ಕಟ್ಟಿದ ಕೆಂಪು ನೂಲು

ಸಿದ್ಧಕಟ್ಟೆಯಿಂದ ವೇಣೂರಿಗೆ ಹೋಗುವಾಗ ಬಲಗಡೆಗೆ ಏರುವ ಪದವಿನಲ್ಲಿ, ಆ ಮರವಿಲ್ಲದ ಕಲ್ಲುಗುಡ್ಡದಲ್ಲಿ, ಖತೀಜಮ್ಮ ಇಪ್ಪತ್ತೆರಡು ವರ್ಷ ಮುಳಿಹುಲ್ಲು ಕೊಯ್ದರು. ಪಕ್ಕದ ಸಾಲಿನಲ್ಲಿ ಹದಿನೈದು ವರ್ಷ ನಾನೂ ಕೊಯ್ದಿದ್ದೇನೆ. ಆದುದರಿಂದ ಇಲ್ಲಿ ಬರೆಯುತ್ತಿರುವುದು ಯಾರೋ ಹೇಳಿ ಕೇಳಿದ ಮಾತಲ್ಲ.

ಆಕೆಯದು ಮಣ್ಣಿನ ಗೋಡೆಯ ಮನೆ. ಮೇಲೆ ಮಾಡಿಗೆ ಹೊದಿಕೆ ಅದೇ ಪದವಿನ ಹುಲ್ಲು. ವರ್ಷಕ್ಕೊಮ್ಮೆ ಹೊಸ ಹುಲ್ಲು ಹೊದೆಸದಿದ್ದರೆ ನಡು ಮಳೆಗಾಲದ ಆಟಿ ತಿಂಗಳ ಮಳೆ ಒಳಗಿಳಿಯುತ್ತದೆ. ಒಳಗಿಳಿದ ಮಳೆಗೆ ಮಣ್ಣಿನ ಗೋಡೆ ನಿಲ್ಲುವುದಿಲ್ಲ. ಮಾಡಿಗೆ ನಲವತ್ತು ಹೊರೆ ಬೇಕಿತ್ತು. ಕೊಯ್ಯುವುದು ಖತೀಜಮ್ಮ, ಹೊದೆಸುವುದು ಗಂಡ ಹಾಜಬ್ಬ.

ಪದವು ಸರ್ಕಾರದ್ದು. ಆದರೆ ಅದರ ತಪ್ಪಲಿನಲ್ಲಿ ಗದ್ದೆಯಿದ್ದ ಕುಶಾಲಪ್ಪನವರಿಗೆ ಕುಮ್ಕಿಯ ಹಕ್ಕಿತ್ತು. ಎಂದರೆ ಅಲ್ಲಿನ ಹುಲ್ಲು, ಸೊಪ್ಪು ಅವರ ಪಾಲು. ಮೊದಲು ಅವರ ದನದ ಕೊಟ್ಟಿಗೆಗೆ ಮಾಡು ಹೊದೆಸಿಕೊಟ್ಟು, ಉಳಿದುದನ್ನು ಖತೀಜಮ್ಮ ಒಯ್ಯುವುದು ವಾಡಿಕೆ. ಇನ್ನೊಂದು ವಾಡಿಕೆಯೂ ಇತ್ತು. ಬೇಸಗೆಯ ಸುಗ್ಗಿ ತಿಂಗಳ ಕೊನೆಗೆ, ಮೊದಲ ಗುಡುಗು ಕೇಳಿಸುವ ಮುಂಚೆ, ಪದವಿಗೆ ಬೆಂಕಿ ಕೊಡಬೇಕು. ಬೂದಿ ಬಿದ್ದಲ್ಲಿ ಮೊಳಕೆ ಬೇಗ ಒಡೆಯುತ್ತದೆ, ದನಗಳಿಗೆ ಎಳೆಹುಲ್ಲು ಸಿಗುತ್ತದೆ. ಆ ಬೆಂಕಿಯನ್ನು ಕೊಡುತ್ತಿದ್ದವರು ಖತೀಜಮ್ಮ. ಗಾಳಿಯನ್ನು ಕೆನ್ನೆಯಿಂದಲೇ ಅಳೆಯುತ್ತಿದ್ದರು. ಆಕೆ ಹಚ್ಚಿದ ಬೆಂಕಿ ಗಡಿ ದಾಟಿದ್ದನ್ನು ಯಾರೂ ಕಂಡಿಲ್ಲ.

೧೯೯೩ರ ಕೊಯ್ಲಿನಲ್ಲಿ ಆಕೆ ಒಂದು ಉರುಟು ಬಂಡೆಯ ಪಕ್ಕ ಕುಳಿತು, ಮುರಿದ ಕೊಡೆಯ ಕಡ್ಡಿಯನ್ನು ನೆಲಕ್ಕೆ ಚುಚ್ಚುತ್ತಿದ್ದುದನ್ನು ನೋಡಿದೆ.

“ಏನು ಖತೀಜಮ್ಮ, ನೆಲಕ್ಕೆ ಇಂಜೆಕ್ಷನಾ?”

“ನಗು, ಮಾರಾಯ್ತಿ. ಹುಲ್ಲು ಯಾಕೆ ಗಿಡ್ಡ ಆಗ್ತಾ ಉಂಟು ಅಂತ ಹುಲ್ಲಿನ ತುದಿಯಲ್ಲಿ ಕೇಳಿದರೆ ಹೇಳ್ತದಾ? ಬುಡದಲ್ಲಿ ಕೇಳ್ಬೇಕು.”

ಕಡ್ಡಿ ಎಂಟು ಬೆರಳು ಇಳಿದು ಕಲ್ಲಿಗೆ ತಾಗಿತು. ಸೆರಗಿನ ಅಂಚಿನಿಂದ ಒಂದು ಕೆಂಪು ನೂಲು ಕಿತ್ತು, ನೆಲದ ಮಟ್ಟಕ್ಕೆ ಸರಿಯಾಗಿ ಕಡ್ಡಿಗೆ ಗಂಟು ಹಾಕಿದರು. ೧೯೯೫ರಲ್ಲಿ ಅದೇ ಬಂಡೆಯ ಪಕ್ಕ ಕಡ್ಡಿ ಆರು ಬೆರಳಿಗೆ ನಿಂತಿತು. ಎರಡನೆಯ ಗಂಟು ಬಿತ್ತು.

“ಕಲ್ಲು ಬೆಳೆಯುತ್ತಾ ಉಂಟು,” ಎಂದು ಹಾಜಬ್ಬ ನಕ್ಕರು.

“ಕಲ್ಲು ಅಲ್ಲೇ ಉಂಟು,” ಎಂದರು ಖತೀಜಮ್ಮ. “ಮೇಲಿನದ್ದು ಹೋಗ್ತಾ ಉಂಟು.”

ಎಲ್ಲಿ ಹೋಗುತ್ತಿತ್ತೆಂಬುದು ಮರುವರ್ಷ ತಿಳಿಯಿತು. ಬೆಂಕಿ ಕೊಟ್ಟ ನಾಲ್ಕನೆಯ ದಿನವೇ ಗುಡುಗಿನ ಮಳೆ ಬಿತ್ತು. ಬೋಳು ಪದವಿನ ಮೇಲೆ ಅದನ್ನು ತಡೆಯಲು ಒಂದು ಎಸಳೂ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಕುಶಾಲಪ್ಪನವರ ಬಾವಿಯ ನೀರು ಕೆಂಪಗೆ ನಿಂತಿತ್ತು. ಬಾವಿ ಮದುವೆಯ ಧಾರೆ ಸೀರೆ ಉಟ್ಟಿದೆ ಎಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ಖತೀಜಮ್ಮ ಮಾತ್ರ ಒಂದು ಕೊಡ ನೀರು ಸೇದಿ, ಅದು ತಿಳಿಯಾಗುವವರೆಗೆ ಕಟ್ಟೆಯ ಬಳಿಯೇ ಕುಳಿತರು. ಕೊಡದ ತಳದಲ್ಲಿ ಎರಡು ಬೆರಳು ಮಣ್ಣು ಕೂತಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಪದವಿನ ಕಡೆಗೆ ನೋಡಿದರು.

ಮಣ್ಣು ಎಂಟು ಬೆರಳಿದ್ದಾಗ, ಆಟಿ ಕಳೆದ ಸೋಣ ತಿಂಗಳಲ್ಲಿ ಹದಿನೈದು ದಿನ ಮಳೆ ಬಿಟ್ಟರೂ ಹುಲ್ಲು ತಡೆದುಕೊಳ್ಳುತ್ತಿತ್ತು. ಬೇರು ಕೆಳಗಿನ ತೇವವನ್ನು ಹೀರುತ್ತಿತ್ತು. ಮಣ್ಣು ತೆಳುವಾದಂತೆ ಒಂದು ಮಳೆಯ ತೇವವನ್ನು ಮುಂದಿನ ಮಳೆಯವರೆಗೆ ಹಿಡಿದಿಡುವ ಶಕ್ತಿ ಅದಕ್ಕೆ ಇಲ್ಲವಾಯಿತು. ಐದು ದಿನದ ಬಿಸಿಲಿಗೇ ಅಡಿಯ ಮುರಕಲ್ಲು ದೋಸೆಯ ಕಾವಲಿಯಂತೆ ಕಾಯುತ್ತಿತ್ತು. ಹುಲ್ಲು ಬುಡದಿಂದಲೇ ಹಳದಿಯಾಗುತ್ತಿತ್ತು. ಎದೆಯೆತ್ತರದ ಹುಲ್ಲು ಸೊಂಟಕ್ಕಿಳಿಯಿತು. ೧೯೯೭ರಲ್ಲಿ ಮೂರನೆಯ ಗಂಟು ಮೂರು ಬೆರಳಿಗೆ ಬಿತ್ತು. ಆ ವರ್ಷ ಕೊಟ್ಟಿಗೆಯ ಪಾಲು ಕಳೆದು ನಲವತ್ತು ಹೊರೆ ಉಳಿಸುವುದಕ್ಕಾಗಿ ನಾವು ಪದವಿನ ಕೊನೆಯ ಮೂಲೆಯನ್ನೂ ಬಿಡಲಿಲ್ಲ.

೧೯೯೮ರ ಸುಗ್ಗಿಯಲ್ಲಿ ಕುಶಾಲಪ್ಪನವರು ಬೆಂಕಿಪೆಟ್ಟಿಗೆಯೊಂದಿಗೆ ಬಂದರು. ಖತೀಜಮ್ಮ ಕೈ ಚಾಚಲಿಲ್ಲ.

“ಈ ವರ್ಷ ಬೆಂಕಿ ಬೇಡ, ಧಣಿಗಳೇ. ಕೊಯ್ದ ಬುಡದ ಕೂಳೆ ಇರಲಿ. ಅದು ಮಣ್ಣು ಹಿಡಿತದೆ.”

“ಕೂಳೆ ದನ ತಿಂತದಾ?”

“ಮಣ್ಣು ಹೋದರೆ ದನ ಏನು ತಿಂತದೆ? ಕಲ್ಲಾ?”

ಕುಶಾಲಪ್ಪನವರು ಕೆಟ್ಟವರಲ್ಲ; ಆದರೆ ಕೆಲಸದವರ ಎದುರು ಸೋಲುವ ಅಭ್ಯಾಸ ಅವರಿಗಿರಲಿಲ್ಲ. “ಕೊಡೆಯ ಕಡ್ಡಿ ಹಿಡ್ಕೊಂಡು ತಿರುಗಿ ನೀನು ದೊಡ್ಡ ಇಂಜಿನಿಯರ್ ಆದೆಯಾ? ನಿಜ ಹೇಳು. ಪ್ರಾಯ ಆಯ್ತು, ಬೆಂಕಿ ಕಂಡರೆ ಈಗ ಹೆದರಿಕೆ. ಅದನ್ನೇ ಹೇಳು, ಬೇರೆಯವರಲ್ಲಿ ಹಾಕಿಸ್ತೇನೆ. ಹುಲ್ಲೂ ಅವರೇ ಕೊಯ್ಯಲಿ.”

ನಾವು ಆರೇಳು ಮಂದಿ ಸುತ್ತ ನಿಂತಿದ್ದೆವು. ಹೆದರಿಕೆ ಎಂಬ ಮಾತು ಆಕೆಯ ಮುಖದಲ್ಲಿ ಏನು ಮಾಡಿತೆಂಬುದನ್ನು ನಾನು ಕಂಡೆ. ಸಂಜೆಯ ಸಾಕ್ಷರತಾ ತರಗತಿಯಲ್ಲಿ ಮಣ್ಣಿನ ಸವಕಳಿಯ ಪಾಠವನ್ನು ಗಟ್ಟಿಯಾಗಿ ಓದಿದ್ದವಳು ನಾನೇ. ಆಕೆ ಹೇಳುವುದು ಸರಿ ಎಂದು ನುಡಿಯಬೇಕಾಗಿದ್ದವಳೂ ನಾನೇ. ನುಡಿಯಲಿಲ್ಲ. ಬೇಡವೆಂದ ಖತೀಜಮ್ಮ ಹಿಂದೆ ಸರಿಯುವುದಿಲ್ಲ ಎಂದುಕೊಂಡೆ.

ಖತೀಜಮ್ಮ ಪೆಟ್ಟಿಗೆಯನ್ನು ಅವರ ಕೈಯಿಂದ ಕಿತ್ತುಕೊಂಡರು.

“ಹೆದರಿಕೆಯಾ? ಬನ್ನಿ, ನೋಡಿ.”

ಅಷ್ಟು ಅಚ್ಚುಕಟ್ಟಾದ ಬೆಂಕಿಯನ್ನು ನಾನು ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಒಂದು ಕಿಡಿಯೂ ಗಡಿ ದಾಟಲಿಲ್ಲ. ಎಲ್ಲರೂ ಭಲೆ ಎಂದರು. ಆಕೆ ಯಾರ ಮುಖವನ್ನೂ ನೋಡದೆ ಇಳಿದು ಹೋದರು.

ಮೂರನೆಯ ಸಂಜೆ ಮಳೆ ಬಂತು. ಮೊದಲು ಕಪ್ಪು ನೀರು ಇಳಿಯಿತು, ಬಳಿಕ ಕೆಂಪು ನೀರು. ವಾರದೊಳಗೆ ಪದವು ಹಸಿರಾಯಿತು. “ನೋಡಿದೆಯಾ?” ಎಂದರು ಕುಶಾಲಪ್ಪನವರು. ಆ ಹಸಿರು ಹದಿನೆಂಟು ದಿನ ಬಾಳಿತು. ಮತ್ತೆ ಒಂದು ತಿಂಗಳು ಹನಿ ಬೀಳಲಿಲ್ಲ. ದನಗಳು ಉಳಿದುದನ್ನು ಬೇರುಸಹಿತ ಎಳೆದವು. ಮಳೆಗಾಲ ಹೊಯ್ದು ಹೋಯಿತು. ಸೋಣದ ಬಿಸಿಲು ಬಂತು.

ಕೊಯ್ಲಿನ ಹೊತ್ತಿಗೆ ಹುಲ್ಲು ಮೊಣಕಾಲಿಗೆ ಮುಟ್ಟುತ್ತಿರಲಿಲ್ಲ. ಇಡೀ ಪದವು ಬೋಳಿಸಿದರೂ ದೊರೆತದ್ದು ಮೂವತ್ತೊಂದು ಹೊರೆ. ಕೊಟ್ಟಿಗೆಗೆ ಇಪ್ಪತ್ತು ಬೇಕು. ಕುಶಾಲಪ್ಪನವರು ಅಂಗಳದಲ್ಲಿ ನಿಂತು, ನೆಲ ನೋಡುತ್ತ ಹೇಳಿದರು: “ಕೊಟ್ಟಿಗೆಗೆ ಈ ಸಲ ಅರ್ಧ ಸಾಕು, ಖತೀಜಮ್ಮ. ಉಳಿದದ್ದು ನೀನು ತಕ್ಕೊಂಡು ಹೋಗು.”

“ವಾಡಿಕೆ ಅಂದರೆ ವಾಡಿಕೆ, ಧಣಿಗಳೇ. ಬೆಂಕಿಗೆ ಒಂದು, ಹುಲ್ಲಿಗೆ ಒಂದು ಅಂತ ಇಲ್ಲ.”

ಇಪ್ಪತ್ತು ಹೊರೆಯನ್ನೂ ಕೊಟ್ಟಿಗೆಗೆ ಹೊದೆಸಿದರು. ಹನ್ನೊಂದು ಹೊರೆ ಮನೆಗೆ ಬಂತು. ಹಾಜಬ್ಬ ಅದನ್ನು ಗಾಳಿಮಳೆ ಬೀಸುವ ಪಡುವಣ ಇಳಿಜಾರಿಗೆ ಹಾಕಿದರು. ಮೂಡಣ ಭಾಗದಲ್ಲಿ ಹಳೆಯ ಕರಿಹುಲ್ಲೇ ಉಳಿಯಿತು. ಸಾಯಂಕಾಲ ಒಳಗೆ ಕುಳಿತರೆ ಅದರ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ನನ್ನ ಹೆಂಚಿನ ಮನೆಯ ಚಾವಡಿಗೆ ಬಂದು ಇರಿ ಎಂದು ಮೂರು ಬಾರಿ ಕರೆದೆ.

“ಬಿದ್ದ ಮೇಲೆ ಬರ್ತೇವೆ,” ಎಂದರು ಖತೀಜಮ್ಮ. ಅದು ತಮಾಷೆಯೋ ಅಲ್ಲವೋ ತಿಳಿಯಲಿಲ್ಲ.

೧೯೯೯ರ ಆಟಿಯ ಒಂಬತ್ತನೆಯ ದಿನ, ನಡು ಹಗಲಿನಲ್ಲಿ, ಮೂಡಣ ಗೋಡೆ ಕುಳಿತುಬಿಟ್ಟಿತು. ಸದ್ದೇನೂ ಹೆಚ್ಚಾಗಲಿಲ್ಲ, ಒದ್ದೆ ಮಣ್ಣು ಒದ್ದೆ ಮಣ್ಣಿನ ಮೇಲೆ ಇಳಿಯಿತು, ಅಷ್ಟೆ. ಗಂಡ ಹೆಂಡತಿ ಇಬ್ಬರೂ ಹೊರಗೆ ಮಳೆನೀರು ಹೋಗುವ ಕಣಿ ಬಿಡಿಸುತ್ತಿದ್ದುದರಿಂದ ಬದುಕಿಕೊಂಡರು. ಸಂಜೆ ಅವರು ಒಂದು ಚಾಪೆ, ಎರಡು ಪಾತ್ರೆ, ಒಂದು ಕತ್ತಿಯೊಂದಿಗೆ ನನ್ನ ಚಾವಡಿಗೆ ಬಂದರು. ಕೊಡೆಯ ಕಡ್ಡಿ ಖತೀಜಮ್ಮನ ಸೊಂಟದಲ್ಲಿತ್ತು.

ಮಳೆ ಬಿಟ್ಟ ಒಂದು ಬೆಳಿಗ್ಗೆ ಆಕೆ ನನ್ನನ್ನು ಪದವಿಗೆ ಕರೆದರು. ಉರುಟು ಬಂಡೆಯ ಬುಡ ಹುಡುಕಬೇಕಾಗಲಿಲ್ಲ. ಹೂತಿದ್ದ ಅದರ ಹೊಟ್ಟೆಯೂ ಈಗ ಹೊರಗೆ ಕಾಣುತ್ತಿತ್ತು. ಆಕೆ ಕಡ್ಡಿಯನ್ನು ಊರಿದರು. ಅದು ಇಳಿಯಲಿಲ್ಲ. ಒಂದು ಅಡಿ ಸರಿದು ಮತ್ತೆ ಊರಿದರು. ಕಬ್ಬಿಣ ಕಲ್ಲಿಗೆ ತಾಗಿದ ಸದ್ದು ಕೇಳಿಸಿತು. ಹೀಗೆ ಇಳಿಜಾರಿನ ಉದ್ದಕ್ಕೂ ಊರುತ್ತ ನಡೆದರು, ಹಿಂದೆ ನಾನು. ಎಲ್ಲಿಯೂ ಅದೇ ಸದ್ದು. ಕೆಳಗೆ ಕುಶಾಲಪ್ಪನವರ ಕೊಟ್ಟಿಗೆ ಹೊಸ ಹುಲ್ಲಿನಲ್ಲಿ ಬೆಚ್ಚಗಿತ್ತು.

“ಅಂದು ನಾನು ನಿಮ್ಮ ಪರ ಮಾತಾಡಬೇಕಿತ್ತು,” ಎಂದೆ.

“ಮಾತಾಡಿದ್ದರೆ ನಾನು ಕೇಳ್ತಿದ್ದೆನಾ?” ಎಂದು ಆಕೆ ಕಡ್ಡಿಯನ್ನು ಒರೆಸಿ, ಮೂರು ಗಂಟುಗಳನ್ನೂ ಉಗುರಿನಿಂದ ಬಿಡಿಸಿ, ಅದನ್ನು ನನ್ನ ಕೈಗಿತ್ತರು. “ನಿನ್ನ ಕೊಡೆಯಲ್ಲಿ ಒಂದು ಕಡ್ಡಿ ಮುರಿದದ್ದು ಉಂಟಲ್ಲಾ? ಇದನ್ನು ಹಾಕಿಸು. ಇಲ್ಲಿ ಇದಕ್ಕೆ ಇನ್ನು ಕೆಲಸ ಇಲ್ಲ.”

ನೂಲುಗಳನ್ನು ಮಾತ್ರ ಆಕೆ ಕೊಡಲಿಲ್ಲ. ಮಡಿಲಿಗೆ ಕಟ್ಟಿಕೊಂಡು, ಕೆಂಪು ನೀರು ಹರಿದ ದಾರಿಯನ್ನೇ ಹಿಡಿದು ಇಳಿದರು.